ಜೈನಾಬ್ ಟೀಚರರ ಜೋಡಿ ಮಾತು

ಜೈನಾಬ್ ಟೀಚರ್ ಇಂಗ್ಲಿಷ್ ಕಲಿಸುತ್ತಿರಲಿಲ್ಲ, ಮಾತುಗಳಿಗೆ ಮದುವೆ ಮಾಡಿಸುತ್ತಿದ್ದರು. ಹಾಗಂತ ಅವರೇ ಹೇಳುತ್ತಿದ್ದರು. ಮಾನ್ವಿಯ ಹೈಸ್ಕೂಲಿನಲ್ಲಿ ನಮಗೆ ಪಾಠಕ್ಕೆ ಬಂದ ಮೊದಲ ದಿನವೇ ಬೋರ್ಡಿನ ಮೇಲೆ 'ಅಬ್ಸಲ್ಯೂಟ್' ಎಂದು ಬರೆದು, ಅದರ ಕೆಳಗೆ ಅಣ್ಣತಮ್ಮಂದಿರನ್ನು ಸಾಲಾಗಿ ನಿಲ್ಲಿಸಿದರು: ಅಟ್ಟರ್, ಶಿಯರ್, ಟೋಟಲ್, ಕಂಪ್ಲೀಟ್.

"ಎಲ್ಲಾರ ಅರ್ಥನೂ 'ಪೂರಾ' ಅಂತನ. ಆದ್ರ ಒಬ್ಬೊಬ್ಬಗ ಒಂದೊಂದು ಮನಿ ಹೆಣ್ಣು," ಎಂದರು.

ಅವರು ಮೊದಲ ಮಾತು ಕೂಗಬೇಕು, ನಾವು ಅದರ ಜೋಡಿ ಕೂಗಬೇಕು. ಅಟ್ಟರ್ ಎಂದರೆ ನಾನ್ಸೆನ್ಸ್. ಶಿಯರ್ ಎಂದರೆ ಲಕ್. ಕಂಪ್ಲೀಟ್ ಎಂದರೆ ರೆಸ್ಟ್, ಅದು ಡಾಕ್ಟರ್ ಮಾತು. ಟೋಟಲ್ ಎಂದರೆ ಲಾಸ್, ಅದನ್ನು ಕಲಿಸಬೇಕಾಗಿಯೇ ಇರಲಿಲ್ಲ. ರೈಸ್ ಮಿಲ್ಲಿನವರ ಮಕ್ಕಳು ನಾವು, ಭತ್ತದ ದರ ಇಳಿದಾಗಲೆಲ್ಲ ಮನೆಯಲ್ಲಿ ಕೇಳಿದ್ದೆವು. ಯಾರಾದರೂ ಜೋಡಿ ತಪ್ಪಿಸಿದರೆ ಕಿವಿ ಹಿಂಡುತ್ತಿದ್ದರು. "ಕಡುಬಡವ ಅಂತೀ, ಕಡುಸಾಹುಕಾರ ಅಂತೀ ಏನು? ಹಸಿ ಸುಳ್ಳ ಅಂತೀ, ಹಸಿ ಖರೇ ಅಂತೀ ಏನು?"

ಅವತ್ತು ಸಂಜೆ ಮನೆಗೆ ಹೋಗುವಾಗ ದಾರಿಯುದ್ದಕ್ಕೂ ನನ್ನ ಕಿವಿಗೆ ಬರೀ ಜೋಡಿಗಳೇ. ಅಪ್ಪಟ ಬಂಗಾರ, ಬಟ್ಟಬಯಲು, ಕಗ್ಗತ್ತಲು. ಯಾರೂ ಕಲಿಸಿಲ್ಲ, ಯಾರೂ ತಪ್ಪುವುದೂ ಇಲ್ಲ. ಇಷ್ಟು ಜನ ಸೇರಿ ಯಾವ ಕಾಲದಲ್ಲಿ ಈ ನೆಂಟಸ್ತಿಕೆಗೆಲ್ಲ ಒಪ್ಪಿಕೊಂಡರೋ ಎಂದು ಮೈ ಜುಮ್ಮೆಂದಿತು. ಆ ಬೆರಗಿನ ದೆಸೆಯಿಂದಲೇ ನಾನೂ ಇಂಗ್ಲಿಷ್ ಟೀಚರಾಗಿ ಈಗ ದೇವದುರ್ಗದಲ್ಲಿ ಗಂಟಲು ಹರಿದುಕೊಳ್ಳುತ್ತಿದ್ದೇನೆ.

ಹೋದ ದೀಪಾವಳಿ ಮುಗಿಯುತ್ತಲೇ ಟೀಚರಿಗೆ ಲಕ್ವಾ ಹೊಡೆಯಿತು. ರಾಯಚೂರಿನ ಆಸ್ಪತ್ರೆಯಿಂದ ಮನೆಗೆ ಬರುವ ಹೊತ್ತಿಗೆ ಬಲಗೈ ಅಷ್ಟಿಷ್ಟು ಏಳುತ್ತಿತ್ತು, ಮಾತು ಮಾತ್ರ ಇಲ್ಲವೇ ಇಲ್ಲ. "ಮಾತು ಒಳಗ ಅದಾವ, ದಾರಿ ಸಿಗವಲ್ದು ಅವಕ್ಕ. ಮಾತಾಡಿಸ್ಕೊಂತ ಇರ್ರಿ," ಎಂದಿದ್ದರಂತೆ ಡಾಕ್ಟರು. ಟೀಚರ ಗಂಡ ವಲಿ ಪಾಷಾ ಚಾಚಾ ಅದನ್ನು ವೇದವಾಕ್ಯ ಮಾಡಿಕೊಂಡರು. ಗೋಣಿಚೀಲದ ಅಂಗಡಿಯನ್ನು ತಮ್ಮನಿಗೆ ಬಿಟ್ಟು, ದಿನವಿಡೀ ಹೆಂಡತಿಯ ಮಂಚದ ಮುಂದೆ ಕೂತು ಒಂದೇ ಪ್ರಶ್ನೆ ಕೇಳುತ್ತಿದ್ದರು: "ಮೈಂ ಕೌನ್? ಬೋಲೋ." ಒಮ್ಮೆ ಹೆಂಡತಿಯ ಬಾಯಿಂದ ತಮ್ಮ ಹೆಸರು ಕೇಳಿದರೆ ಸಾಕಿತ್ತು ಅವರಿಗೆ.

ಒಂದು ಭಾನುವಾರ ಮಾನ್ವಿಯ ಬಸ್ಸು ಹತ್ತಿ ನೋಡಲು ಹೋದೆ. "ಬಾರವ್ವ ವಿಜಯಲಕ್ಷ್ಮಿ, ನಿನ್ನರ ಗುರ್ತು ಹಿಡೀತಾಳೇನು ನೋಡು," ಎಂದರು ಚಾಚಾ. ಟೀಚರ್ ನನ್ನನ್ನು ನೋಡಿದರು. ಕಣ್ಣು ತುಂಬಿತು, ತುಟಿ ತೆರೆಯಿತು, ಮತ್ತೆ ಮುಚ್ಚಿತು. ಅಷ್ಟರಲ್ಲಿ ಪಕ್ಕದ ಮನೆಯ ಮುದುಕಮ್ಮ ಬಂದು, ಕಿವುಡರಿಗೆ ಕೂಗುವಂತೆ ಅವರ ಕಿವಿಯಲ್ಲಿ, "ಕೇಳತದೇನ್ರೀ?" ಎಂದು ಕಿರುಚಿ, ನನ್ನ ಕಡೆ ತಿರುಗಿ, "ಶಾಲಿಯೊಳಗ ಒದರಿ ಒದರಿ ಮಾತೆಲ್ಲಾ ಖರ್ಚಾಗ್ಯಾವ. ಇನ್ನ ಬರಂಗಿಲ್ಲ ಬಿಡು," ಎಂದರು.

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಹಿರಿಯರಿಗೆ ಬೈಯುವ ಹಾಗಿಲ್ಲ. ಹಲ್ಲು ಕಚ್ಚಿಕೊಂಡು, "ಅಟ್ಟರ್…" ಎಂದು ಅಲ್ಲಿಗೇ ನುಂಗಿಕೊಂಡೆ.

"ನಾನ್ಸೆನ್ಸ್," ಎಂದಿತು ಮಂಚ.

ಮೂವರೂ ತಿರುಗಿದೆವು. ಟೀಚರ್ ತಾವೇ ಬೆಚ್ಚಿಬಿದ್ದವರ ಹಾಗೆ ನಮ್ಮನ್ನು ನೋಡುತ್ತಿದ್ದರು. ನಾನು ಮಂಚದ ಹತ್ತಿರ ಹೋಗಿ ಬಗ್ಗಿದೆ.

"ಶಿಯರ್," ಎಂದೆ.

"ಲಕ್."

"ಟೋಟಲ್?"

"ಲಾಸ್."

ಮುದುಕಮ್ಮ ಕೈ ಮುಗಿದು, "ಎಲ್ಲವ್ವಾ ತಾಯೀ" ಎನ್ನುತ್ತ ಗೋಡೆಗೆ ಒರಗಿಬಿಟ್ಟರು. ಒಂದು ಮಾತೂ ಉಳಿದಿಲ್ಲ ಎಂದುಕೊಂಡಿದ್ದ ಕಡೆ ಎಲ್ಲ ಜೋಡಿಗಳೂ ಕೈ ಹಿಡಿದುಕೊಂಡು ಕೂತಿದ್ದವು. ಒಬ್ಬರನ್ನು ಕರೆದರೆ ಸಾಕು, ಇನ್ನೊಬ್ಬರು ಎದ್ದು ಬರುತ್ತಿದ್ದರು. ಇಂಥದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಚಾಚಾ ನನ್ನನ್ನು ಸರಿಸಿ ಮುಂದೆ ಬಂದರು. ಉಪಾಯ ಅವರಿಗೂ ತಿಳಿದಿತ್ತು. "ವಲಿ…" ಎಂದು ನಿಲ್ಲಿಸಿ, ಉಸಿರು ಬಿಗಿಹಿಡಿದು ಕಾದರು. ಟೀಚರ ತುಟಿ ಅಲುಗಲಿಲ್ಲ. "ವಲಿ… ವಲಿ…" ಇಲ್ಲ. ಚಾಚಾರ ಮುಖ ಸಣ್ಣದಾಯಿತು. "ಇಂಗ್ಲಿಷ್ ಬಂತು, ನಾ ಬರಲಿಲ್ಲ ನೋಡವ್ವ."

ಆಗ ನನಗೆ ಹೊಳೆಯಿತು. "ಚಾಚಾ, ಟೀಚರು ಯಾವತ್ತರ ನಿಮ್ಮ ಹೆಸರು ಹಿಡಿದು ಕರದಾರೇನ್ರಿ?"

"ತೌಬಾ! ಗಂಡನ ಹೆಸರು ಯಾರು ಹೇಳ್ತಾರವ್ವ? 'ಅಜೀ' ಅಂತಿದ್ಳು, ಅಷ್ಟ."

"ಮತ್ತ ಇಷ್ಟು ದಿನ ಅವರ ಬಾಯಾಗ ಇಲ್ಲದ್ದನ್ನ ಕೇಳಾಕತ್ತೀರಲ್ರೀ. ದಿನಾ ನಿಮಗ ಏನು ಹೇಳ್ತಿದ್ರು?"

ಚಾಚಾ ಯೋಚಿಸಿದರು. ಆಮೇಲೆ ನಾಚಿಕೊಂಡರು. "ಬೈತಿದ್ಳು. ನನಗ ಶುಗರ್ ಅದಲ್ಲ. ಚಾಕ್ಕ ಸಕ್ಕರಿ ಕೇಳಿದ್ರ ಬೈತಿದ್ಳು." ಮಂಚದ ಕಡೆ ನೋಡಿ, "ಈಗ ಬೈಯೋರಿಲ್ಲ. ಆದ್ರ ಒಂದು ಚಮಚನೂ ಹಾಕ್ಕೊಂಡಿಲ್ಲ ನಾ," ಎಂದರು.

"ಈಗ ಹಾಕ್ಕೋರಿ," ಎಂದೆ.

ಅವರು ಒಳಗೆ ಹೋಗಿ ಚಹಾ ತಂದರು, ಕಂಕುಳಲ್ಲಿ ಸಕ್ಕರೆ ಡಬ್ಬಿ. ಮಂಚದ ಮುಂದೆ ಕೂತು ಚಮಚದ ತುಂಬ ಸಕ್ಕರೆ ಎತ್ತಿದರು. ಅದನ್ನು ಟೀಚರಿಗೆ ಕಾಣುವಂತೆ ಕಪ್ಪಿನ ಮೇಲೆ ಹಿಡಿದರು.

"ಏಕ್ ಚಮ್ಚಾ?"

ಟೀಚರ ಕಣ್ಣು ಚಮಚಕ್ಕೆ ಅಂಟಿಕೊಂಡಿತು. ಹುಬ್ಬು ಗಂಟಿಕ್ಕಿತು. ಆ ಗಂಟು ನನಗೆ ಚೆನ್ನಾಗಿ ಗೊತ್ತು, ಅದರ ಹಿಂದೆಯೇ ಕಿವಿಗೆ ಕೈ ಬರುತ್ತಿತ್ತು. ಯಾರೂ ಮೊದಲ ಮಾತು ಹೇಳಿಕೊಡಲಿಲ್ಲ.

"ಬಿಲ್ಕುಲ್," ಎಂದರು. ಅದೂ 'ಪೂರಾ' ಎನ್ನುವ ಮಾತೇ, ಅದರ ಜೋಡಿ ಎಲ್ಲೋ ಸಿಕ್ಕಿಕೊಂಡಿತು. ನಾನು ಬಾಯಿ ತೆರೆದವಳು ಸೆರಗು ಕಚ್ಚಿಕೊಂಡೆ. "ಬಿಲ್ಕುಲ್… ನೈ."

"ಆಧಾ?" ಚಾಚಾ ಅರ್ಧಕ್ಕೆ ಇಳಿದರು.

"ಬಿಲ್ಕುಲ್ ನೈ!"

"ಥೋಡಾ?"

ಟೀಚರಿಗೆ ಈಗ ನಿಜವಾಗಿ ರೇಗಿತು. ಅಷ್ಟಿಷ್ಟೇ ಏಳುತ್ತಿದ್ದ ಆ ಬಲಗೈ ಪೂರಾ ಎದ್ದು ಬಂದು ಚಮಚವನ್ನು ತಳ್ಳಿತು.

"ಬಿಲ್ಕುಲ್ ನೈ, ಅಜೀ!"

ಸಕ್ಕರೆಯೆಲ್ಲ ಮಂಚದ ತುಂಬ ಚೆಲ್ಲಿತು. ಶುಗರ್ ಬಂದಾಗಿನಿಂದ ಆ ಮಾತಿಗೆ ಮುಖ ಊದಿಸಿಕೊಳ್ಳುತ್ತಿದ್ದ ಮನುಷ್ಯ, ಡಬ್ಬಿಯನ್ನು ಎದೆಗೊತ್ತಿಕೊಂಡು ಗೊಳೋ ಎಂದು ಅತ್ತರು.