ಸೇತುವೆ ಪಕ್ಕದ ತಗ್ಗು

"ಅಲ್ಲಿ ಬೇಡ ಅಂದ್ನಲ್ಲ! ಇಲ್ಲಿ ಕೊರೀರಿ," ಎಂದು ಹೆದ್ದಾರಿ ಇಲಾಖೆಯ ಸಾಹೇಬರು ಸಮತಟ್ಟಾಗಿದ್ದ ರಸ್ತೆಯನ್ನು ಬೂಟಿನಿಂದ ಕುಟ್ಟಿ ತೋರಿಸಿದರು.

ಕೋರ್ಟು ಕೇಳಿದ್ದ ಮಣ್ಣು ಪರೀಕ್ಷೆಗೆ ಬಂದಿದ್ದ ಇಂಜಿನಿಯರು ತಗ್ಗಿನ ಕಡೆಯೇ ನೋಡುತ್ತಿದ್ದಳು. ಜೌಗು ನೆಲಕ್ಕೆ ಮರಳು ತುಂಬಿ ಹಾಕಿದ ಹೆದ್ದಾರಿ ಅದು. ಸೇತುವೆ ಮುಗಿಯುವಲ್ಲಿ ಮರಳು ಕುಸಿದು ರಸ್ತೆ ತಗ್ಗಾಗಿತ್ತು. ಹೋದ ವಾರ ಅಲ್ಲಿ ಬಸ್ಸೊಂದು ಎಗರಿ ಮಗುಚಿ, ತಾಯಿ ಮಗಳು ಇಬ್ಬರೂ ಹೋಗಿಬಿಟ್ಟಿದ್ದರು. ತಗ್ಗು ಬಿದ್ದದ್ದು ಅವತ್ತೇ, ಮುಂಚೆ ಯಾರಿಗೂ ಗೊತ್ತಿರಲಿಲ್ಲ, ಚಾಲಕ ಕಣ್ಣು ಮುಚ್ಚಿಕೊಂಡು ಓಡಿಸಿದ ಎಂದು ಇಲಾಖೆ ಕೈತೊಳೆದುಕೊಂಡಿತ್ತು.

ಆ ಚಾಲಕ ಕೈಗೆ ಪಟ್ಟಿ ಕಟ್ಟಿಕೊಂಡು ತಡೆಗೋಡೆಯ ಮೇಲೆ ಕೂತಿದ್ದ. ಕೆಲಸ ಹೋಗಿತ್ತು, ಜೈಲು ಕಾದಿತ್ತು. ಕೊರೆಯುವ ಮೇಸ್ತ್ರಿ ಏನೂ ಕೇಳದೆ ತನ್ನ ಟೀ ಲೋಟವನ್ನು ಅವನ ಇನ್ನೊಂದು ಕೈಗಿಟ್ಟು ಬಂದಿದ್ದ.

"ಮೇಸ್ತ್ರಿ, ತಗ್ಗಲ್ಲೇ ಇಡಿ ಯಂತ್ರ. ಅಂಚಿನ ಬಿಳಿ ಗೆರೆ ಮೇಲೆ," ಎಂದಳು ಇಂಜಿನಿಯರು.

"ಏನಮ್ಮಾ, ಕಿವಿ ಕೇಳ್ಸಲ್ವಾ?"

"ಕೇಳ್ಸುತ್ತೆ ಸಾರ್. ಹುಳುಕು ಹಲ್ಲು ಬಿಟ್ಟು ಪಕ್ಕದ್ದು ಕೀಳಿಸ್ಕೊತೀರಾ ನೀವು?"

ಮೇಸ್ತ್ರಿ ಕೆಮ್ಮಿದಂತೆ ನಕ್ಕು ಯಂತ್ರ ತಳ್ಳಿದ.

ಗೇಣುದ್ದ ಡಾಂಬರು ದಾಟಿದರೆ ಜಲ್ಲಿ ಸಿಗಬೇಕಿತ್ತು. ಸಿಗಲಿಲ್ಲ. ಎಳೆದಾಗ ಬಂದದ್ದು ತೋಳುದ್ದದ ಡಾಂಬರಿನ ಕರಿಯ ಕಂಬ. ಪದರದ ಮೇಲೆ ಪದರ, ನಡುನಡುವೆ ಹಳೆಯ ಬಿಳಿ ಬಣ್ಣ. ರಸ್ತೆ ಕುಸಿದಾಗಲೆಲ್ಲ ಡಾಂಬರು ಸುರಿದು, ಹೊಸದಾಗಿ ಗೆರೆ ಎಳೆದು ಹೋಗಿದ್ದರು. ಕೆಳಗಿನ ಮರಳನ್ನು ಯಾರೂ ಮುಟ್ಟಿರಲಿಲ್ಲ.

ಅವಳು ಸಾಹೇಬರತ್ತ ತಿರುಗಿದಳು. "ನಿಮಗೆ ಗೊತ್ತಿತ್ತು. ಪ್ರತಿ ಸಲಾನೂ ಗೊತ್ತಿತ್ತು!"

"ಅದು ರಿಪೇರಿ ಕಣಮ್ಮ. ಆ ಕಂಬ ನನ್ನ ಕಾರಲ್ಲಿ ಇಡ್ಸು. ಲ್ಯಾಬಿಗೆ ನಾನೇ ಕಳಿಸ್ತೀನಿ."

"ರಿಪೇರಿನಾ? ಹೆಣಕ್ಕೆ ಪೌಡರ್ ಬಳಿದ ಹಾಗೆ ಬಳಿದಿದೀರಲ್ರೀ! ಮುಟ್ಟಬೇಡಿ. ಇದು ನೇರ ಕೋರ್ಟಿಗೆ ಹೋಗುತ್ತೆ."

"ನಿನ್ನ ಕೆಲಸ ಉಳಿಯಲ್ಲ, ನೋಡ್ಕೊ."

"ಆ ಡ್ರೈವರದ್ದು ಹೋಗಿದೆಯಲ್ಲ. ಜೊತೆಯಾಗುತ್ತೆ ಬಿಡಿ."

ಚಾಲಕ ಎದ್ದು ಬಂದ. ಅವನ ಬೆರಳು ಒಂದು ಬಿಳಿ ಗೆರೆಯಿಂದ ಇನ್ನೊಂದಕ್ಕೆ ಮೆಲ್ಲಗೆ ಇಳಿಯಿತು.

"ಅಕ್ಕಾ, ಆ ಮಗು ನನ್ನ ಹಿಂದಿನ ಸೀಟಲ್ಲೇ ಹಾಡ್ಕೊಂಡು ಕೂತಿತ್ತು," ಎಂದ.

ಅವಳು ಜೀಪು ಹತ್ತಿ ಕಂಬವನ್ನು ತೊಡೆಯ ಮೇಲೆ ಮಲಗಿಸಿಕೊಂಡಳು. ಮೇಸ್ತ್ರಿ ಹೆಗಲ ಟವೆಲು ಮಡಚಿ ಅದರಡಿ ತೂರಿಸಿ, ಬಾಗಿಲನ್ನು ಸದ್ದಾಗದಂತೆ ಮುಚ್ಚಿದ. ಕಂಬದಿಂದ ಸೋರಿದ ಕೆಸರು ನೀರು ಟವೆಲು ತೋಯಿಸಿ, ಅವಳ ಮಂಡಿಯಿಂದ ಹನಿಹನಿಯಾಗಿ ಕೆಳಗಿಳಿಯುತ್ತಿತ್ತು.