ಕಟ್ಟು ಬಿಚ್ಚಿದವಳು

ಬಟ್ಟೆ ಒಗೆಯುವ ಬಂಡೆಯ ಹತ್ತಿರ ಕಳಕವ್ವನ ಸೊಸೆ ಪೂಜಾಳಿಗೆ ಹಾವು ಕಚ್ಚಿತೆಂಬ ಕೂಗು ಕೇಳಿ ಸಾಬೀರಾ ಮೀನಿನ ಬುಟ್ಟಿ ಇಳಿಸಿ ಓಡಿದಳು. ಎರಡು ಸಾವಿರದ ಆರರ ಫೆಬ್ರವರಿ. ಹೊಳೆಆಲೂರಿನಲ್ಲಿ ಮಲಪ್ರಭೆ ಒಣಗುತ್ತಾ ಅಲ್ಲಲ್ಲಿ ಮಡುವಾಗಿ ನಿಂತಿತ್ತು.

ಅಷ್ಟರಲ್ಲಿ ಹೆಂಗಸರು ಸೀರೆಯಂಚು ಹರಿದು ಪೂಜಾಳ ಮೊಣಕಾಲ ಕೆಳಗೆ ಬಿಗಿದಿದ್ದರು. ಬಾಯಿಗೆ ಬೇವಿನೆಲೆ ಹಾಕಿದ್ದರು. ಕಹಿ ಹತ್ತದಿದ್ದರೆ ವಿಷ ಏರಿದೆಯೆಂದು ಅವರ ಲೆಕ್ಕ. ಹೆದರಿಕೆಗೆ ನಾಲಿಗೆ ಒಣಗಿದ್ದ ಹುಡುಗಿ ರುಚಿಯೇ ತಿಳಿಯದೆಂದು ತಲೆಯಾಡಿಸಿದ್ದೇ ತಡ, ಕಳಕವ್ವ ಇನ್ನೊಂದು ಸುತ್ತು ಬಿಗಿದಳು. ಹೆಡೆ ಎತ್ತಿತ್ತು, ನಾಗಪ್ಪನೇ ಎಂದು ಎಲ್ಲರೂ ಸಾಧಿಸುತ್ತಿದ್ದರು. ಪಾದ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು.

ಸಾಬೀರಾ ಪಾದದ ಮೇಲಿನ ಗಾಯ ನೋಡಿದಳು. ಎರಡು ತೂತಲ್ಲ, ಬಾಚಣಿಗೆ ಒತ್ತಿದಂತೆ ಸಣ್ಣ ಹಲ್ಲುಗಳ ಸಾಲು. ಮೀನಿನ ಜೊತೆ ಬಲೆಗೆ ಸಿಕ್ಕಿ ಅವಳ ಕೈಯನ್ನು ಎಷ್ಟೋ ಸಲ ಕಚ್ಚಿದ, ವಿಷವಿಲ್ಲದ ನೀರಹಾವಿನ ಗುರುತು ಇದೇ. ಅದರ ಮೈಮೇಲೆ ಚದುರಂಗದ ಮನೆಗಳು, ಕಣ್ಣಿನ ಕೆಳಗೆ ಎರಡು ಕಪ್ಪು ಗೆರೆ. ಕೆಣಕಿದರೆ ಕುತ್ತಿಗೆ ಚಪ್ಪಟೆ ಮಾಡಿಕೊಂಡು ನಾಗರದಂತೆ ನಿಲ್ಲುತ್ತದೆ.

“ಕಟ್ಟು ಬಿಚ್ರಿ, ಯವ್ವಾ. ಕಾಲು ತಿನ್ನೂದು ಹಾವಲ್ಲ, ಈ ಕಟ್ಟು.”

“ಮೀನ ಮಾರಾಕಿ, ನೀ ಯಾವಾಗ ಡಾಕ್ಟರ್ ಆದಿ?” ಎಂದಳು ಕಳಕವ್ವ.

ಎದುರು ಮಾತಾಡುವ ಅಭ್ಯಾಸ ಸಾಬೀರಾಳಿಗಿರಲಿಲ್ಲ. ಮನೆಯಲ್ಲೂ ಹೊಳೆಯ ವಿಷಯ ಬಂದರೆ ಮಾತೆಲ್ಲ ಗಂಡ ಸುಭಾನಸಾಬನದು. ಈ ಸಲ ಅವಳು ಬಾಗಿ ಹಲ್ಲಿನಿಂದಲೇ ಗಂಟು ಎಳೆದು ಬಿಚ್ಚಿದಳು.

“ಈಕಿಗೇನಾರ ಆದ್ರ ನನ್ನ ಹಿಡೀರಿ. ಈಗ ದವಾಖಾನಿಗೆ ನಡೀರಿ, ಲಗೂ.”

ಸುದ್ದಿ ಕೇಳಿ ಬಂದ ಸುಭಾನಸಾಬ ಟಂಟಂ ಗಾಡಿ ತಂದ. ದಾರಿಯುದ್ದಕ್ಕೂ ಅವಳು ಆ ಪಾದವನ್ನು ತೊಡೆಯ ಮೇಲಿಟ್ಟುಕೊಂಡು, ಉಗುರುಗಳಿಗೆ ಕೆಂಪು ಮರಳುವವರೆಗೆ ಕಣ್ಣು ಕೀಳಲಿಲ್ಲ.

ಡಾಕ್ಟರು ಗಾಯ ತೊಳೆದು, ಧನುರ್ವಾಯುವಿನ ಸೂಜಿ ಕೊಟ್ಟು, ಸಂಜೆಯವರೆಗೆ ಮಲಗಿಸಿ ನೋಡಿದರು. ವಿಷವಿರಲಿಲ್ಲ. ಆ ಕಟ್ಟು ಹಾಗೇ ಇದ್ದಿದ್ದರೆ ಕಾಲಿಗೇ ಕುತ್ತಾಗುತ್ತಿತ್ತು ಎಂದರು. ಹಾವು ಯಾವುದೆಂದು ಸುಭಾನಸಾಬನನ್ನು ಕೇಳಿದರು. ಹೇಳಲು ಬಾಯಿ ತೆರೆದವನು ಹೆಂಡತಿಯ ಕಡೆ ನೋಡಿದ.

“ನನಗಿಂತ ಆಕಿಗಿ ಭಾಳ ಗೊತ್ತೈತ್ರಿ. ಆಕಿನ್ನ ಕೇಳ್ರಿ.”

ಕಳಕವ್ವ ಬೆಂಚಿನ ಮೇಲೆ ಸರಿದು ಜಾಗ ಬಿಟ್ಟಳು. ಸಾಬೀರಾ ಕೂರಲಿಲ್ಲ, ನಿಂತೇ ಹೇಳತೊಡಗಿದಳು. ಅದು ನೀರಹಾವು, ಈ ದಿನಗಳಲ್ಲಿ ದಂಡೆಯ ಬಿಲದಲ್ಲಿ ತತ್ತಿ ಇಡುತ್ತದೆ, ಮರಿ ಹೊರಬರುವ ತನಕ ತಾಯಿ ಸುತ್ತಿಕೊಂಡು ಕಾಯುತ್ತದೆ, ಬಂಡೆಯ ಬುಡದ ಬಿಲಕ್ಕೆ ಯಾರೂ ಹೊಗೆ ಹಾಕಬಾರದು. ಡಾಕ್ಟರು ಪೆನ್ನು ಕೆಳಗಿಟ್ಟು ಕೇಳುತ್ತಿದ್ದರು. ತನ್ನ ದನಿ ಇಷ್ಟು ದೊಡ್ಡದೆಂದು ಅವಳಿಗೇ ಗೊತ್ತಿರಲಿಲ್ಲ. ಅವಳು ಅದನ್ನು ತಗ್ಗಿಸಲಿಲ್ಲ.