ಮಾಬೂಬಿಯ ಜೋಡು ಪಾಳಿಗೆ ಬಂದ ದಿನ

ಸವಣೂರಿನ ನಮ್ಮ ದವಾಖಾನೆಯಲ್ಲಿ ಚಪ್ಪಲಿಗಳೇ ಪಾಳಿ ಹಿಡಿಯುತ್ತವೆ. ಬೆಳಿಗ್ಗೆ ಬಂದವರು ಬಾಗಿಲಿಂದ ಸಾಲಾಗಿ ಜೋಡು ಬಿಟ್ಟು, ಬೇವಿನ ಮರದ ಕೆಳಗೆ ಹರಟೆಗೆ ಕೂರುತ್ತಾರೆ. ಯಾರ ಹಿಂದೆ ಯಾರು ಎಂದು ನೋಡಿ ಒಳಗೆ ಬಿಡುವವಳು ನಾನು, ನರ್ಸ್ ಸರೋಜವ್ವ. ಇಪ್ಪತ್ತು ವರ್ಷವಾಯಿತು. ಯಾರಾದರೂ ತಮ್ಮ ಜೋಡನ್ನು ಗೇಣು ಮುಂದೆ ಸರಿಸಿದರೆ ಸಾಕು, ಅವರ ಗ್ರಹಚಾರ ಬಿಡಿಸುತ್ತೇನೆ.

ಆ ಸೋಮವಾರ ಐದನೆಯ ಪಾಳಿಗೆ ಭರಮವ್ವ ಬಂದಳು. ಗಟ್ಟಿ ಮುದುಕಿ, ಈವರೆಗೆ ನಮ್ಮ ಮೆಟ್ಟಿಲು ಹತ್ತಿದವಳಲ್ಲ.

"ಕಾಲಬೆರಳಿಗೆ ಹುಣ್ಣಾಗೇತ್ರಿ ಬಾಯಾರ. ತಿಂಗಳಾತು, ಮಾಯವಲ್ದು."

ಡಾಕ್ಟರ್ ಮಧುಶ್ರೀ ಎರಡೂ ಪಾದ ತಿರುಗಿಸಿ ನೋಡಿದರು. ಹತ್ತೂ ಬೆರಳು ಚೆನ್ನಾಗಿದ್ದವು.

"ಹುಣ್ಣು ಎಲ್ಲೈತಿ ಅವ್ವಾ?"

"ಒಳಗೈತ್ರಿ."

ಕೈಬೆರಳು ಚುಚ್ಚಿ ಶುಗರ್ ನೋಡಿದರೆ ತೊಂಬತ್ತೆಂಟು.

"ನಿಮಗ ಶುಗರ್ ಇಲ್ರಿ."

"ಸರಿಯಾಗಿ ನೋಡ್ರಿ, ಬಾಳ ಐತಿ!" ಎಂದು ಭರಮವ್ವ ಜಗಳಕ್ಕೇ ನಿಂತಳು. ಇದ್ದ ರೋಗವನ್ನು ಇಲ್ಲ ಎನ್ನುವವರನ್ನು ದಿನಾ ನೋಡುತ್ತೇನೆ. ಇಲ್ಲದ ಶುಗರಿಗೆ ಹಟ ಹಿಡಿದವಳನ್ನು ಕಂಡಿದ್ದು ಅದೇ ಮೊದಲು.

ಅನುಮಾನ ಬಂದು ಹೊರಗೆ ಹೋಗಿ ಐದನೆಯ ಜೋಡು ಎತ್ತಿಕೊಂಡು ಬಂದೆ. ಎಡಗಾಲಿನದರ ಪಟ್ಟಿ ಕತ್ತರಿಸಿ ಅರಿವೆ ಸುತ್ತಿದ್ದರು. ಅರಿವೆಗೆ ಕೀವು ಹತ್ತಿತ್ತು.

"ಇದು ನಿಂದೇನಬೇ? ಹಾಕ್ಕೋ, ನೋಡೂಣು."

ಅವಳ ಅಗಲ ಪಾದ ಅರ್ಧಕ್ಕೇ ನಿಂತಿತು.

"ಬಾಜೂ ಮನಿ ಮಾಬೂಬೀದು," ಎಂದು ಬಾಯಿ ಬಿಟ್ಟಳು. "ಆಕಿಗೆ ಶುಗರ್ ಬಾಳ. ಹುಲಗೂರ ದವಾಖಾನ್ಯಾಗ ಅದ ಶುಗರಿಗೆ ಆಕಿ ಅಕ್ಕಂದು ಕಾಲಬೆರಳು ತಗದಾರ. ಅವತ್ತಿಂದ ದವಾಖಾನಿ ಅಂದ್ರ ಬಾಗಲಾ ಹಾಕ್ಕೊಂತಾಳ. ಅದಕ್ಕ ಆಕಿ ಬದಲಿ ಔಷಧ ಒಯ್ಯಾಕ ನಾ ಬಂದೆ."

"ಮತ್ತ ಆಕಿ ಜೋಡು ಯಾಕ ತಂದಿ?"

"ಬ್ಯಾನಿ ಆಕೀದು, ಪಾಳಿನೂ ಆಕೀದ ಆಗಬೇಕಲ್ಲ? ಮಂದಿಗೆ ಮೋಸ ಮಾಡ್ಲೇನು?"

ಸುಳ್ಳು ಹೇಳಲು ಬಂದವಳ ನ್ಯಾಯ ನೋಡಿ!

"ಹಂಗಾರ ರಕ್ತನೂ ಆಕೀದ ಬೇಕಲ್ಲಬೇ!" ಎಂದು ಚೀರಿದೆ.

"ಮೂವತ್ತು ವರ್ಷಾತು, ಒಂದ ನಳದ ನೀರು. ನಮ್ಮ ರೊಟ್ಟಿ ಆಕಿ ತಿಂತಾಳ, ಆಕಿ ಸಾರು ನಾ ಉಣ್ತೇನಿ. ರಕ್ತ ಹೆಂಗ ಬ್ಯಾರೆ ಆಕ್ಕೈತಿ?"

ನನಗೆ ನಗು ತಡೆಯಲಾಗಲಿಲ್ಲ. ಡಾಕ್ಟರ್ ನಗಲಿಲ್ಲ. "ಇವತ್ತ ಕರ್ಕೊಂಡ ಬಂದ್ರ ಬೆರಳು ಉಳದೀತು. ಇನ್ನೊಂದ ವಾರ ಬಿಟ್ರ ಖರೇನ ತಗೀಬೇಕಾಕ್ಕೈತಿ," ಎಂದರು.

ಭರಮವ್ವ ಬಂದ ಹಾಗೇ ಬರಿಗಾಲಲ್ಲಿ ಓಡಿದಳು. ನಾನು ಆ ಜೋಡನ್ನು ಸಾಲಿನ ಮೊದಲಿಗೇ ಇಟ್ಟೆ. ಅಷ್ಟರಲ್ಲಿ ಕೆಮ್ಮಿಗೆ ಬಂದಿದ್ದ ಅಲ್ಲಾಭಕ್ಷ ಎದ್ದು ನಿಂತ.

"ಸಿಸ್ಟರ್, ಮುಂದಿನ ಪಾಳಿ ನಂದ್ರೀ. ಕಾಯ್ದೆ ಮಾಡಿದಾಕಿ ನೀವ!"

"ಹೌದು, ಮಾಡಿದಾಕೀನ ಮುರದೇನಿ. ಮಾಬೂಬಿ ಬಂದಕೂಡ್ಲೆ ಆಕೀನ ಮೊದಲು. ಕುಂಡ್ರು!"

ಹನ್ನೆರಡಕ್ಕೆ ಆಟೋ ಬಂತು. ಸಂತೆಯಲ್ಲಿ ವೀಳ್ಯದೆಲೆ ಮಾರುವ ಮಾಬೂಬಿ, ಭರಮವ್ವನ ದೊಡ್ಡ ಚಪ್ಪಲಿ ಎಳೆಯುತ್ತ, ಎಲ್ಲರನ್ನೂ ಬೈಯುತ್ತ ಇಳಿದಳು.

"ಬೆರಳು ಎಣಸ್ತೀನಿ ಅಂತ ಆಣಿ ಮಾಡ್ಯಾಳ ಈಕಿ. ಅದಕ್ಕ ಬಂದೇನಿ. ಒಂದ ಕಡಿಮಿ ಆದ್ರ ನೋಡ್ರಿ ಮತ್ತ!"

ಮಂಚದ ಮೇಲೆ ಮಲಗಿ ಸೆರಗನ್ನು ಮುಖಕ್ಕೆ ಎಳೆದುಕೊಂಡಳು. ಡಾಕ್ಟರ್ ಹುಣ್ಣು ತೊಳೆಯತೊಡಗಿದರು.

"ಎಣಸು, ಭರಮವ್ವ," ಎಂದಳು ಮಾಬೂಬಿ ಸೆರಗಿನೊಳಗಿಂದ.

"ಒಂದು, ಎರಡು, ಮೂರು, ನಾಕು, ಐದು."

"ಮತ್ತ ಎಣಸು."

ಆ ಕೋಣೆಯಲ್ಲಿ ಯಾರೂ ಪಿಟ್ಟೆನ್ನಬಾರದು, ಅದೂ ನನ್ನದೇ ಕಾಯ್ದೆ. ಭರಮವ್ವ ಹತ್ತು ಸಲ ಎಣಿಸಿದಳು, ನಾನು ತಡೆಯಲಿಲ್ಲ. ಹನ್ನೊಂದನೆಯ ಸಲ ನಾಲ್ಕಕ್ಕೇ ನಿಂತಳು.

"ಐದನೇದ ಎಲ್ಲಿ?" ಮಾಬೂಬಿ ಕಿರುಚಿದಳು.

"ಐತೆವ್ವಾ, ಐತಿ! ಕಣ್ಣಾಗ ನೀರು ಬಂತು, ಕಾಣಸಲಿಲ್ಲ."

ನನಗೂ ಕಾಣುತ್ತಿರಲಿಲ್ಲ. ಬ್ಯಾಂಡೇಜಿನ ಸುರುಳಿ ಹುಡುಕುವವಳಂತೆ ಆಚೆ ತಿರುಗಿ ನಿಂತೆ.

ಗುರುವಾರ ಮತ್ತೆ ಡ್ರೆಸ್ಸಿಂಗ್ ಇತ್ತು. ಬಾಗಿಲು ತೆಗೆದರೆ ಸಾಲಿನಲ್ಲಿ ಪಟ್ಟಿ ಕತ್ತರಿಸಿದ ಜೋಡಿನ ಹಿಂದೆಯೇ ಇನ್ನೊಂದು ಅಗಲ ಜೋಡು.

"ಒಬ್ಬ ಪೇಷಂಟಿಗೆ ಎರಡು ಪಾಳಿ ಯಾಕಬೇ?" ಎಂದು ರೇಗಿದೆ.

"ಒಂದು ಹುಣ್ಣಿಂದು," ಎಂದಳು ಭರಮವ್ವ. "ಒಂದು ಎಣಸಾಕ ಬಂದಾಕೀದು."